ಮಾತಾಡಿದರೆ ಏನಾಗ್ತದ್ರಿ?

ಈ ಸಲ ಪತ್ರಗಳ ಕಟ್ಟು ಬಿಚ್ಚಿದಾಗ ಮೊದಲು ಕೈಗೆ ಬಂದದ್ದು ಜೇವರ್ಗಿ ತಾಲ್ಲೂಕಿನ ಅಂದೋಲಾದಿಂದ ಬಂದ ಲಕೋಟೆ. ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ, ಎರಡೂ ಬದಿಗೆ ಒತ್ತೊತ್ತಾಗಿ ಬರೆದದ್ದು. ‘ಊರಿನ ಹೆಸರು ಹಾಕಿದ್ರ ಹಾಕ್ರಿ, ನನ್ನ ಹೆಸರು ಬ್ಯಾಡ್ರಿ’ ಅಂತ ಮೇಲೆಯೇ ಬರೆದಿದ್ದಾರೆ. ಹಾಗಾಗಿ ಹೆಸರು ಹಾಕಿಲ್ಲ. ಗುರುತು ಹತ್ತಬಾರದು ಅಂತ ಮನೆಯ ಒಂದೆರಡು ವಿವರಗಳನ್ನು ನಾನೂ ಬದಲಿಸಿದ್ದೇನೆ.

ಆಕೆಗೆ 34 ವರ್ಷ. ಎರಡು ಮಕ್ಕಳು, ಮನೆಯಲ್ಲಿ ಅತ್ತೆ. ಗಂಡ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಯಿತು. ಪಂಚಮಿಗೊಮ್ಮೆ, ಯುಗಾದಿಗೊಮ್ಮೆ ಬರುತ್ತಾರೆ. ಮೂರು ಎಕರೆ ತೊಗರಿ ಇತ್ತು, ನೆಟೆ ರೋಗ ಬಿದ್ದು ಅರ್ಧಕ್ಕರ್ಧ ಹೋಯಿತು. ವಾರದ ಕಂತಿನ ಸಾಲ ಬೇರೆ ಇದೆ. ಒಂದೂವರೆ ವರ್ಷದಿಂದ ‘ನಿದ್ದಿ ಹತ್ತಂಗಿಲ್ಲ, ಹತ್ತಿದ್ರೂ ನಸುಕಿನ್ಯಾಗ ಮೂರಕ್ಕ ಎಚ್ಚರಾಗ್ತದ. ಎದಿ ಡವಡವ ಅಂತದ. ಕೈಕಾಲು ಹರಿತಾವ. ರೊಟ್ಟಿ ಬಡೀತಾ ಬಡೀತಾ ಸುಮ್ಮನ ಅಳು ಬರ್ತದ. ಮಕ್ಕಳು ಅವ್ವಾ ಅಂದ್ರ ಮೈಮ್ಯಾಲೆ ಹೋಗ್ತೀನಿ, ಆಮ್ಯಾಲೆ ಯಾಕ ಬೈದೆ ಅಂತ ಮತ್ತ ಅಳ್ತೀನಿ.’

ತೋರಿಸದ ದವಾಖಾನಿ ಇಲ್ಲ. ಬಿ.ಪಿ. ನೋಡಿದರು, ರಕ್ತ ನೋಡಿದರು, ಇ.ಸಿ.ಜಿ. ತೆಗೆದರು, ಎರಡು ಸಲ ಸಲೈನ್ ಹಚ್ಚಿದರು. ಎಲ್ಲಾ ನಾರ್ಮಲ್! ಅತ್ತೆ ಗಾಣಗಾಪುರಕ್ಕೂ ಕರೆದುಕೊಂಡು ಹೋಗಿ ಬಂದರು. ಕಡೆಗೆ ಕಲಬುರಗಿಯ ಡಾಕ್ಟರೊಬ್ಬರು ‘ನಿಮಗ ಮನಸ್ಸಿಂದು ತ್ರಾಸ ಅದ, ಗುಳಿಗಿ ಆಮ್ಯಾಲೆ ನೋಡೋಣು, ಮೊದಲ ಕೌನ್ಸೆಲಿಂಗ್ ತಗೋರಿ’ ಅಂದರಂತೆ. ವಿಚಾರಿಸಿದರೆ ಒಂದು ಸಲಕ್ಕೆ ಐನೂರು ರೂಪಾಯಿ.

‘ಬರೇ ಮಾತಾಡಲಿಕ್ಕ ಐನೂರು ರೂಪಾಯಿ ಅಂತ್ರಿ ಅಕ್ಕಾರೇ! ಮಾತಾಡಿದರೆ ಏನಾಗ್ತದ್ರಿ? ಸಾಲ ಹರೀತದೇನು? ಗಂಡ ಮನಿಗಿ ಬರ್ತಾನೇನು?’

ಇದು ಪ್ರಶ್ನೆ. ಇದರ ಕೆಳಗೆ ಇನ್ನೊಂದು ಸಾಲಿದೆ. ಬರೆದು, ಪೆನ್ನಿನಿಂದ ಗೀಚಿ ಹೊಡೆದು ಹಾಕಿದ್ದಾರೆ. ಗೀಚಿದರೂ ಓದಲಿಕ್ಕೆ ಬರುತ್ತದೆ. ‘ಇರಬಾರದು ಅನಸ್ತದ’ ಅಂತಿದೆ.

ಮೊದಲು ಆ ಸಾಲಿಗೇ ಉತ್ತರ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಹಾಗೆ ಅನಿಸುತ್ತಿದ್ದರೆ ಅವರಿಗೂ ಇದೇ ಉತ್ತರ. ಇಂಥ ಯೋಚನೆ ಬಂದವರು ಹುಚ್ಚರಲ್ಲ, ಪಾಪಿಗಳೂ ಅಲ್ಲ. ಜ್ವರ ಏರಿದಾಗ ಮೈ ನಡುಗುವ ಹಾಗೆ, ಮನಸ್ಸು ಬಹಳ ದಿನ ದಣಿದಾಗ ಈ ಯೋಚನೆ ಬರುತ್ತದೆ. ಚಿಕಿತ್ಸೆ ಸಿಕ್ಕರೆ ಇಳಿಯುತ್ತದೆ. ಆದರೆ ಇದಕ್ಕೆ ಮುಂದಿನ ವಾರ ಅಂತ ಕಾಯಬೇಡಿ. ಇವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ರಾತ್ರಿ ಒಬ್ಬರೇ ಮಲಗಬೇಡಿ, ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆಯವರ ಕೈಗೆ ಕೊಟ್ಟು ಬೀಗ ಹಾಕಿಸಿ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಇನ್ನು ‘ಮಾತಾಡಿದರೆ ಏನಾಗ್ತದೆ’ ಅನ್ನುವ ಪ್ರಶ್ನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾಡಿ ನೋಡಬೇಕು. ಜೀವನಪೂರ್ತಿ ಅಲ್ಲ, ಆರು ಭೇಟಿ ಅಂತ ಲೆಕ್ಕ ಇಟ್ಟುಕೊಂಡು. ಆರರ ಹೊತ್ತಿಗೆ ನಿದ್ದೆಯಲ್ಲೋ, ಅಳುವಿನಲ್ಲೋ ಏನಾದರೂ ಫರಕು ಕಂಡರೆ ಮುಂದುವರಿಸಿ. ಕಾಣದಿದ್ದರೆ ಬೇರೆಯವರನ್ನು ನೋಡಿ, ಇಲ್ಲವೇ ಗುಳಿಗೆಯ ಬಗ್ಗೆ ಡಾಕ್ಟರನ್ನು ಕೇಳಿ. ಹೀಗೆ ಯಾಕೆ ಹೇಳುತ್ತೇನೆ ಅನ್ನುವುದು ಸ್ವಲ್ಪ ಉದ್ದದ ಮಾತು.

ನಮ್ಮ ಕಡೆ ಯಾರೂ ‘ನನಗೆ ಖಿನ್ನತೆ’ ಅನ್ನುವುದಿಲ್ಲ. ಆ ಶಬ್ದ ಪುಸ್ತಕದ್ದು. ತಲಿ ಭಾರ, ಎದಿ ಉರಿ, ಕೈಕಾಲು ಸೆಳೆತ, ಬ್ಯಾಸರ ಅನ್ನುತ್ತಾರೆ. ಮೈಯಲ್ಲಿ ಹೇಳಿಕೊಂಡರೆ ಮೈಗೇ ಔಷಧಿ ಸಿಗುತ್ತದೆ. ಸಲೈನು, ಶಕ್ತಿಯ ಇಂಜೆಕ್ಷನ್ನು, ಮತ್ತೆ ಮನೆ. ಆದರೆ ಓಣಿಯ ಹಿರಿಯರು ಇನ್ನೊಂದು ಮಾತು ಹೇಳುತ್ತಾರೆ: ‘ಆಕಿ ಬಾಳ ವಿಚಾರ ಮಾಡ್ತಾಳ, ಅದಕ್ಕೇ ಹಿಂಗಾಗ್ಯದ.’ ಕಾಯಿಲೆಯ ಹೆಸರು ಗೊತ್ತಿಲ್ಲದಿದ್ದರೂ ಎಲ್ಲಿ ನೋವಿದೆ ಅಂತ ಅವರಿಗೆ ಗೊತ್ತು!

ಆಫ್ರಿಕಾದ ಜಿಂಬಾಬ್ವೆಯಲ್ಲಿ ಶೋನಾ ಭಾಷೆಯ ಹೆಂಗಸರೂ ಇದನ್ನೇ ಹೇಳುತ್ತಾರೆ. ಅವರ ಶಬ್ದ ‘ಕುಫುಂಗಿಸಿಸ’. ಅಂದರೆ ಬಹಳ ವಿಚಾರ ಮಾಡುವುದು. ಅಲ್ಲಿ ಡಿಕ್ಸನ್ ಚಿಬಾಂಡ ಅನ್ನುವ ಮನೋವೈದ್ಯರು 2006ರ ಸುಮಾರಿಗೆ ಒಂದು ಕೆಲಸ ಶುರು ಮಾಡಿದರು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು ಜನ. ಆದ್ದರಿಂದ ಹರಾರೆ ನಗರದ ಆರೋಗ್ಯ ಕೇಂದ್ರಗಳಲ್ಲಿ ಮೊದಲೇ ಕೆಲಸ ಮಾಡುತ್ತಿದ್ದ ಅಜ್ಜಿಯರಿಗೆ ತರಬೇತಿ ಕೊಟ್ಟು, ಕೇಂದ್ರದ ಹೊರಗೆ ಗಿಡದ ಕೆಳಗೆ ಒಂದು ಬೆಂಚು ಹಾಕಿಸಿದರು. ಬಂದವರು ಬೆಂಚಿನ ಮೇಲೆ ಕೂತು ಅಜ್ಜಿಯ ಹತ್ತಿರ ಮಾತಾಡುವುದು, ಸುಮಾರು ಆರು ಭೇಟಿ. ಅಜ್ಜಿ ಉಪದೇಶ ಮಾಡುವುದಿಲ್ಲ. ಎಲ್ಲಾ ತ್ರಾಸ ಹೇಳಿಸಿ, ಅದರಲ್ಲಿ ಒಂದನ್ನು ಆರಿಸಿಕೊಂಡು, ಈ ವಾರ ಅದಕ್ಕೆ ಏನು ಮಾಡಬಹುದು ಅಂತ ಬಂದವರ ಬಾಯಿಂದಲೇ ಹೊರಡಿಸುತ್ತಾಳೆ. 2016ರಲ್ಲಿ ಇದನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದಾಗ, ಬೆಂಚಿನ ಮೇಲೆ ಕೂತವರು ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಎಷ್ಟೋ ಹಗುರಾಗಿದ್ದರು.

ಕಟ್ಟೆಯ ಮೇಲೆ ಕೂತು ಮಾತಾಡುವುದು ನಮಗೇನು ಹೊಸದಾ ಅಂತ ನೀವು ಕೇಳಬಹುದು. ಕೇಳಲೇಬೇಕು. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡಿಕೊಂಡದ್ದು ತವರು, ಅತ್ತೆಮನೆ, ಅಗಲಿಕೆ ಇವೇ ಅಲ್ಲವೇ? ಗಿರಣಿ ಬಂದ ಮೇಲೆ ಕಲ್ಲು ಹಿತ್ತಲಿಗೆ ಹೋಯಿತು, ಆ ಹಾಡೂ ಹೋಯಿತು. ಆದರೂ ಓಣಿಯ ಗೆಳತಿ ಇದ್ದಾಳೆ, ಅಕ್ಕ ಇದ್ದಾಳೆ. ಅವರ ಹತ್ತಿರ ಹೇಳಿಕೊಂಡರೆ ಸಾಲದೇ?

ಎಷ್ಟೋ ಸಲ ಸಾಕು. ಸಾಕಾಗುವವರಿಗೆ ಬೇರೆ ಯಾರೂ ಬೇಕಿಲ್ಲ, ಅದನ್ನು ಕಾಯಿಲೆ ಮಾಡಲಿಕ್ಕೆ ನಾನು ಹೋಗುವುದಿಲ್ಲ. ಆದರೆ ಗೆಳತಿಗೆ ಹೇಳಿದರೆ ‘ನಂದೂ ಹಂಗೇ ಅದ ತಗೋ’ ಅಂತ ಆಕೆ ತನ್ನ ಕಥೆ ಶುರು ಮಾಡುತ್ತಾಳೆ. ಅಕ್ಕನಿಗೆ ಹೇಳಿದರೆ ಅಕ್ಕ ಅಳುತ್ತಾಳೆ, ಆಮೇಲೆ ನೀವೇ ಅಕ್ಕನನ್ನು ಸಮಾಧಾನ ಮಾಡಬೇಕು. ಅತ್ತೆಗೆ ಹೇಳಿದರೆ ಮಾತು ಪುಣೆಗೆ ಹೋಗುತ್ತದೆ. ಇವರೆಲ್ಲ ನಿಮ್ಮವರೇ, ಅದೇ ತೊಡಕು. ನಿಮ್ಮ ಬದುಕಿನಲ್ಲಿ ಅವರ ಪಾಲೂ ಇದೆ. ಆಪ್ತ ಸಮಾಲೋಚಕಿಗೆ ನಿಮ್ಮ ಹೊಲ ಬೇಕಿಲ್ಲ, ನಿಮ್ಮ ಗಂಡನ ನೆಂಟಸ್ತಿಕೆ ಬೇಕಿಲ್ಲ. ನಲವತ್ತು ನಿಮಿಷ ಅವರು ಕೇಳುವುದು ನಿಮ್ಮ ಮಾತು ಮಾತ್ರ. ನೀವು ಹೇಳಿದ್ದು ಹೊರಗೆ ಹೋಗಕೂಡದು ಅನ್ನುವುದು ಅವರ ವೃತ್ತಿಯ ಕಟ್ಟುಪಾಡು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಇದ್ದಾಗ, ಹಾಗೆಯೇ ಕಾಯ್ದೆ ಹೇಳಿದ ಇನ್ನು ಕೆಲವು ಸಂದರ್ಭಗಳಲ್ಲಿ ಇದಕ್ಕೆ ವಿನಾಯಿತಿ ಇದೆ.

ಬರೀ ಕೇಳುವುದಷ್ಟೇ ಅಲ್ಲ. ಕೆಲಸವೂ ಕೊಡುತ್ತಾರೆ. ಇದು ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೇ ‘ಬರೇ ಮಾತಿಗೆ ಐನೂರು’ ಅನ್ನಿಸುತ್ತದೆ. ಅಂದೋಲಾದ ಪತ್ರದಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ಬ್ಯಾಸರ ಅಂತ ಆಕೆ ಸ್ವಸಹಾಯ ಸಂಘದ ಸಭೆಗೆ ಹೋಗುವುದು ಬಿಟ್ಟರು. ಹೋಗದೆ ಇದ್ದುದಕ್ಕೆ ಅಲ್ಲಿಯವರು ಮಾತಾಡಿಸುವುದು ಕಡಿಮೆ ಮಾಡಿದರು. ಮಾತಾಡಿಸದ್ದಕ್ಕೆ ‘ನಾ ಯಾರಿಗೂ ಬ್ಯಾಡಾಗೀನಿ’ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಬ್ಯಾಸರ ಇನ್ನಷ್ಟು ಹೆಚ್ಚಿತು. ಗಾಣದೆತ್ತು ಸುತ್ತಿದ ಹಾಗೆ! ಒಳಗಿರುವವರಿಗೆ ಈ ಸುತ್ತು ಕಾಣುವುದಿಲ್ಲ. ಸಮಾಲೋಚಕಿ ಅದನ್ನು ಕಾಗದದ ಮೇಲೆ ಬರೆದು ತೋರಿಸುತ್ತಾರೆ. ಆಮೇಲೆ ‘ಮನಸ್ಸು ಸರಿಯಾದ ಮೇಲೆ ಹೋಗ್ತೀನಿ ಅನ್ನಬೇಡಿ, ಈ ವಾರ ಅರ್ಧ ತಾಸು ಹೋಗಿ ಕೂತು ಬನ್ನಿ, ಹೋಗುವ ಮೊದಲು ಹೇಗಿತ್ತು, ಬಂದ ಮೇಲೆ ಹೇಗಿತ್ತು ಅಂತ ಎರಡು ಸಾಲು ಬರೆದಿಡಿ’ ಅನ್ನುತ್ತಾರೆ. ಇಷ್ಟೇ. ಇಷ್ಟು ಸಣ್ಣ ಕೆಲಸವೇ. ಮುಂದಿನ ವಾರ ಇನ್ನೊಂದು.

ಇನ್ನೊಂದು ಬಗೆ ಇದೆ. ಅಮೆರಿಕದ ಆರನ್ ಬೆಕ್ ಎಂಬ ವೈದ್ಯರು 1960ರ ದಶಕದಲ್ಲಿ ಬೆಳೆಸಿದ್ದು. ನಮ್ಮನ್ನು ಕುಗ್ಗಿಸುವುದು ಆದ ಸಂಗತಿಗಿಂತ ಅದಕ್ಕೆ ನಾವು ಕೊಟ್ಟುಕೊಳ್ಳುವ ಅರ್ಥ ಅನ್ನುವುದು ಅದರ ಮೂಲ. ಗಂಡ ರಾತ್ರಿ ಫೋನ್ ಎತ್ತಲಿಲ್ಲ. ಕೂಡಲೇ ‘ಅವನಿಗೆ ನಾ ಬ್ಯಾಡ’ ಅಂತ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪಿಗೆ ಸಾಕ್ಷಿ ಏನಿದೆ? ಸೆಂಟ್ರಿಂಗ್ ಕೆಲಸ ಮುಗಿಸಿ ಸೋತು ಮಲಗಿರಬಹುದೇ? ಚಾರ್ಜ್ ಮುಗಿದಿರಬಹುದೇ? ನಿಜಕ್ಕೂ ಮನಸ್ಸು ಮುರಿದಿರಲೂಬಹುದು, ಆದರೆ ಅದನ್ನು ಕೇಳಿ ತಿಳಿದುಕೊಂಡಿದ್ದೀರಾ? ಇಂಥ ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳುವ ರೂಢಿ ಮಾಡಿಸುತ್ತಾರೆ. ಕೇಳಲಿಕ್ಕೆ ಸುಲಭ. ಬೆಳಗಿನ ಜಾವ ಮೂರಕ್ಕೆ ಮಾಡುವುದು ಕಷ್ಟ. ಅದಕ್ಕೇ ಅಭ್ಯಾಸ ಬೇಕು, ಕಲಿಸುವವರೂ ಬೇಕು.

ಇದು ಪೇಟೆಯ, ಓದಿದ ಹೆಂಗಸರ ಶೋಕಿ ಅನ್ನುವವರಿದ್ದಾರೆ. ಅವರಿಗೆ ಎರಡು ಲೆಕ್ಕ ಹೇಳಬೇಕು. ಒಂದು ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳದ್ದು. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ‘ಲೇಡಿ ಹೆಲ್ತ್ ವರ್ಕರ್’ಗಳಿದ್ದಾರೆ. ಬಸುರಿಯಾಗಿದ್ದಾಗಲೇ ಖಿನ್ನತೆಗೆ ಬಿದ್ದಿದ್ದ ಹೆಂಗಸರ ಮನೆಗೆ ಇವರು ಹೋಗಿ, ಕಲಿತ ರೀತಿಯಲ್ಲಿ ಮಾತಾಡಿಸಿದರು. ಬಸುರಿಯ ಕೊನೆಯ ತಿಂಗಳಿನಿಂದ ಮಗುವಿಗೆ ಹತ್ತು ತಿಂಗಳಾಗುವ ತನಕ ಒಟ್ಟು 16 ಭೇಟಿ. 2008ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಕೂಸಿಗೆ ಆರು ತಿಂಗಳಾದಾಗ, ಹೀಗೆ ಮಾತಾಡಿಸಿದ ತಾಯಂದಿರಲ್ಲಿ ನೂರಕ್ಕೆ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ಬರೀ ಭೇಟಿ ಕೊಟ್ಟು ಬಂದ, ಈ ಮಾತಿನ ಚಿಕಿತ್ಸೆ ಸಿಗದ ತಾಯಂದಿರಲ್ಲಿ ನೂರಕ್ಕೆ 53!

ಅವರು ಮಾಡಿದ ಜಾಣತನ ನನಗೆ ಬಹಳ ಹಿಡಿಸಿತು. ‘ನಿಮ್ಮ ಸೊಸೆಗೆ ಮನಸ್ಸಿನ ಕಾಯಿಲೆ’ ಅಂತ ಹೋಗಲಿಲ್ಲ. ‘ಕೂಸು ಚೆನ್ನಾಗಿ ಬೆಳೆಯಬೇಕಲ್ಲ, ಅದಕ್ಕೆ ತಾಯಿ ಹತ್ತಿರ ಮಾತಾಡಬೇಕು’ ಅಂತ ಹೋದರು. ಯಾವ ಅತ್ತೆ ಬೇಡ ಅಂದಾಳು?

ಇನ್ನೊಂದು ಲೆಕ್ಕ ನಮ್ಮ ನೆರೆಯ ಗೋವಾದ್ದು. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆ ಮತ್ತು ವಿಕ್ರಂ ಪಟೇಲ್ ಎಂಬ ಮನೋವೈದ್ಯರ ತಂಡ, ಮನಃಶಾಸ್ತ್ರ ಓದದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಜೋರು ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಭೇಟಿಯ ಸಮಾಲೋಚನೆ ಮಾಡಿಸಿತು. ಮೇಲೆ ಹೇಳಿದ ‘ಸಣ್ಣ ಕೆಲಸ’ದ ವಿಧಾನವೇ. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ 64 ಮಂದಿ ಗುಣವಾಗಿದ್ದರು, ಪಡೆಯದವರಲ್ಲಿ 39 ಮಂದಿ. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂದ ಅಂಕಿ ಇದು. ಇದನ್ನು ಎರಡೂ ಕಡೆಯಿಂದ ಓದಬೇಕು. ಸಮಾಲೋಚನೆ ಇಲ್ಲದೆಯೂ 39 ಮಂದಿ ಸುಧಾರಿಸಿದರು. ಇದ್ದರೂ 36 ಮಂದಿಗೆ ಆ ಹೊತ್ತಿಗೆ ಗುಣವಾಗಿರಲಿಲ್ಲ. ಅಂದರೆ ಇದು ಮಂತ್ರ ಅಲ್ಲ. ನೂರು ಜನರಲ್ಲಿ ಇಪ್ಪತ್ತೈದು ಜನ ಹೆಚ್ಚು ಎದ್ದು ನಿಂತರು, ಅಷ್ಟು. ನನ್ನ ಕಣ್ಣಿಗೆ ಅದು ಸಣ್ಣ ಸಂಖ್ಯೆ ಅಲ್ಲ.

ಹೆಣ್ಣುಮಕ್ಕಳ ಪುಟದಲ್ಲಿ ಇನ್ನೊಂದು ಹೇಳದೆ ಹೋದರೆ ತಪ್ಪಾದೀತು. ‘ಮಾತಿನ ಚಿಕಿತ್ಸೆ’ ಅನ್ನುವ ಹೆಸರು ಕೊಟ್ಟದ್ದೇ ಒಬ್ಬ ರೋಗಿ ಹುಡುಗಿ. ಬರ್ಥಾ ಪ್ಯಾಪನ್‌ಹೈಮ್ ಅಂತ. 1880ರಲ್ಲಿ ವಿಯೆನ್ನಾದಲ್ಲಿ ತಂದೆಯ ಆರೈಕೆ ಮಾಡುತ್ತಾ ಕಾಯಿಲೆ ಬಿದ್ದಾಗ ಆಕೆಗೆ 21 ವರ್ಷ. ಡಾಕ್ಟರ್ ಬ್ರಾಯರ್ ಎದುರು ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳುವುದಕ್ಕೆ ತಮಾಷೆಗೆ ‘ಚಿಮಣಿ ಗುಡಿಸುವುದು’ ಅಂತಲೂ ಅನ್ನುತ್ತಿದ್ದಳು. ಒಲೆಯ ಹೊಗೆಗೊಳವಿಯ ಮಸಿ ತೆಗೆದ ಹಾಗೆ. ಆದರೆ ಅವಳು ಬ್ರಾಯರ್ ಹತ್ತಿರವೇ ಪೂರಾ ಗುಣವಾಗಲಿಲ್ಲ, ಆಮೇಲೂ ಆಸ್ಪತ್ರೆ ಸೇರಬೇಕಾಯಿತು. ಮುಂದೆ ಚೇತರಿಸಿಕೊಂಡು 1904ರಲ್ಲಿ ಯಹೂದಿ ಹೆಂಗಸರ ದೊಡ್ಡ ಸಂಘಟನೆಯನ್ನೇ ಕಟ್ಟಿದಳು.

ಕನ್ನಡಿಗರಿಗೂ ಇದು ತೀರಾ ಅಪರಿಚಿತ ಅಲ್ಲ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪ್ರಶ್ನೋತ್ತರ ಓದಿ ಬೆಳೆದವರು ನಿಮ್ಮಲ್ಲಿ ಎಷ್ಟು ಜನವೋ.

ಗಾಣಗಾಪುರದ ಮಾತು

ಅತ್ತೆ ಗಾಣಗಾಪುರಕ್ಕೆ ಕರೆದುಕೊಂಡು ಹೋದದ್ದಕ್ಕೆ ಆಕೆ ಪತ್ರದಲ್ಲಿ ಸ್ವಲ್ಪ ನಾಚಿಕೆಪಟ್ಟ ಹಾಗೆ ಬರೆದಿದ್ದಾರೆ. ನಾಚಿಕೆ ಯಾಕೆ? ಅಫಜಲಪುರ, ಆಳಂದ, ಜೇವರ್ಗಿ ಕಡೆಯವರು ಮನಸ್ಸಿಗೆ ಸರಿಯಿಲ್ಲದಾಗ ದತ್ತನ ಗುಡಿಗೆ ಹೋಗುವುದು ತಲೆಮಾರುಗಳ ರೂಢಿ. ಮಹಾರಾಷ್ಟ್ರದಿಂದಲೂ ಬರುತ್ತಾರೆ. ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು, ಮಧುಕರಿ ಬೇಡಿ, ಮಧ್ಯಾಹ್ನದ ಆರತಿಯ ಹೊತ್ತಿಗೆ ಗುಡಿಯೊಳಗೆ ಕಿರುಚಿ, ಅತ್ತು, ಸೋತು ಕೂರುವ ಹೆಂಗಸರನ್ನು ನಾನೂ ನೋಡಿದ್ದೇನೆ. ಮನೆಯಲ್ಲಿ ಒಂದು ಏರು ಮಾತು ಆಡದವರು ಅಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಯಾರೂ ಸುಮ್ಮನಿರು ಅನ್ನುವುದಿಲ್ಲ.

ಅಂದೋಲಾದ ಈ ತಂಗಿ ಅಲ್ಲಿ ಐದು ದಿನ ಇದ್ದರಂತೆ. ಐದೂ ದಿನ ಚೆನ್ನಾಗಿ ನಿದ್ದೆ ಬಂತಂತೆ. ಬರದೆ ಏನು? ರೊಟ್ಟಿ ಬಡಿಯುವುದಿಲ್ಲ, ಕಂತಿನವರು ಬಾಗಿಲಿಗೆ ಬರುವುದಿಲ್ಲ, ಅತ್ತೆ ಮಗ್ಗುಲಲ್ಲೇ ಕೂತು ‘ಉಣ್ಣವ್ವಾ’ ಅನ್ನುತ್ತಾರೆ. ಊರಿಗೆ ಬಂದು ಒಲೆ ಹಚ್ಚಿದ ಎಂಟನೇ ದಿನಕ್ಕೆ ಮತ್ತೆ ಮೂರು ಗಂಟೆಯ ಎಚ್ಚರ. ಗುಡಿಯದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಒಲೆ ಹಚ್ಚಿದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಗುಡಿಯಲ್ಲಿ ಉತ್ತರ ಸಿಗುವುದಿಲ್ಲ. ಸಮಾಲೋಚನೆ ನಡೆಯುವುದು ಆ ಒಲೆಯ ಮುಂದಿನ ಬದುಕಿನ ಬಗ್ಗೆಯೇ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗಿ, ವಾರಕ್ಕೊಮ್ಮೆ ಸಮಾಲೋಚಕಿಯ ಹತ್ತಿರವೂ ಹೋಗಿ. ದತ್ತ ಬೇಡ ಅನ್ನುವುದಿಲ್ಲ. ಆದರೆ ಮನಸ್ಸಿನ ಕಾಯಿಲೆಯವರನ್ನು ಸರಪಳಿ ಹಾಕಿ ಕಟ್ಟುವ ಜಾಗ ಎಲ್ಲೇ ಇರಲಿ, ಅಲ್ಲಿಗೆ ಮಾತ್ರ ಒಯ್ಯಬೇಡಿ. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. 2017ರ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಯಾರ ಹತ್ತಿರ ಹೋಗಬಾರದು

ನನ್ನದೇ ಅನುಭವ ಒಂದಿದೆ. 2011ರಲ್ಲಿ ನಮ್ಮವ್ವ ತೀರಿಕೊಂಡ ಮೇಲೆ ಎಂಟು ತಿಂಗಳು ನಾನು ಮನುಷ್ಯಳಾಗಿರಲಿಲ್ಲ. ಯಾರೋ ಹೇಳಿದರು ಅಂತ ಒಬ್ಬ ಸಮಾಲೋಚಕರ ಹತ್ತಿರ ಹೋದೆ. ಊರು, ಹೆಸರು ಬೇಡ. ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಆಗಿರಲಿಲ್ಲ, ‘ನೀವು ಓದಿದವರು, ಹೀಗೆಲ್ಲ ಇದ್ದರೆ ಮನೆಯವರಿಗೆ ಎಷ್ಟು ತೊಂದರೆ ನೋಡಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಬೇಕಮ್ಮ’ ಅಂದರು. ನಮ್ಮ ಚಿಕ್ಕಮ್ಮ ಪುಕ್ಕಟೆ ಹೇಳುತ್ತಿದ್ದ ಮಾತು! ಎದ್ದು ಬಂದೆ. ಇದೆಲ್ಲಾ ಮೋಸ ಅಂತ ಎರಡು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಮೇಲೆ ಇನ್ನೊಬ್ಬರು ಸಿಕ್ಕರು. ಅವರು ಮೊದಲ ದಿನ ಕೇಳಿದ್ದು ‘ನಿಮ್ಮ ತಾಯಿ ಹೆಂಗಿದ್ದರು, ಹೇಳಿ’ ಅಂತ ಒಂದೇ. ನಲವತ್ತು ನಿಮಿಷ ಅವ್ವನ ಬಗ್ಗೆ ಹೇಳಿದೆ, ನಗುತ್ತಾ ಕೂಡ. ಎಂಟು ತಿಂಗಳಲ್ಲಿ ಅವ್ವ ಹೇಗಿದ್ದಳು ಅಂತ ಯಾರೂ ಕೇಳಿರಲಿಲ್ಲ, ಹೇಗೆ ಸತ್ತಳು ಅಂತಲೇ ಎಲ್ಲರೂ ಕೇಳುತ್ತಿದ್ದರು. ಏಳು ಸಲ ಹೋದೆ. ದುಃಖ ಹೋಯಿತು ಅಂತ ಹೇಳಲಾರೆ. ಆದರೆ ಮನೆಯಲ್ಲಿ ಅಡುಗೆ ಶುರುವಾಯಿತು, ಶಾಲೆಯ ಕೆಲಸಕ್ಕೆ ಮರಳಿದೆ.

ಹಾಗಾಗಿ ಮೊದಲ ಸಲ ಸರಿಹೋಗದಿದ್ದರೆ ತಪ್ಪು ನಿಮ್ಮದೂ ಅಲ್ಲ, ಆ ಚಿಕಿತ್ಸೆಯದೂ ಅಲ್ಲ. ಕೌನ್ಸೆಲರ್ ಅನ್ನುವ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳುವ ಪರಿಸ್ಥಿತಿ ನಮ್ಮಲ್ಲಿದೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಆಗಿದೆ ಅಂತ ಕೇಳಲಿಕ್ಕೆ ಸಂಕೋಚಪಡಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ನೀವು ಹೇಳಿದ್ದನ್ನು ನಿಮ್ಮ ಗಂಡನಿಗೆ ಫೋನ್ ಮಾಡಿ ಹೇಳುವವರು, ಜಾತಿ–ಜಾತಕ ಕೇಳುವವರು, ‘ನನ್ನ ಬಿಟ್ಟರೆ ನಿಮಗೆ ಯಾರೂ ಇಲ್ಲ’ ಅನ್ನುವವರು, ಮುಂಗಡ ಇಪ್ಪತ್ತು ಭೇಟಿಯ ದುಡ್ಡು ಕೇಳುವವರು, ಇವರ ಹತ್ತಿರ ಎರಡನೇ ಸಲ ಹೋಗಬಾರದು. ಹೊಡೆಯುವ ಗಂಡನ ಜೊತೆ ‘ಹೊಂದಿಕೊಂಡು ಹೋಗಿ’ ಅನ್ನುವವರ ಹತ್ತಿರವಂತೂ ಮೊದಲನೇ ಸಲವೇ ಪೂರ್ತಿ ಕೂರಬೇಡಿ. ಹೊಡೆತಕ್ಕೆ ಮಾತಿನ ಚಿಕಿತ್ಸೆ ಪರಿಹಾರ ಅಲ್ಲ. ಅದಕ್ಕೆ 181 ಮಹಿಳಾ ಸಹಾಯವಾಣಿ ಇದೆ, ಜಿಲ್ಲೆಯ ‘ಸಖಿ’ ಕೇಂದ್ರ ಇದೆ, ಪೊಲೀಸರಿದ್ದಾರೆ.

ಹಾಗೆಯೇ ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುವುದು, ಎಲ್ಲರೂ ತನಗೆ ಮಾಟ ಮಾಡಿದ್ದಾರೆ ಅನ್ನುವ ಬಲವಾದ ಸಂಶಯ, ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಹುರುಪು, ಅನ್ನ ನೀರು ಬಿಟ್ಟು ಮಲಗಿಬಿಡುವುದು, ಇಂಥವಕ್ಕೆ ಮೊದಲು ಮನೋವೈದ್ಯರು, ಗುಳಿಗೆ. ಮಾತು ಆಮೇಲೆ. ಈಗಾಗಲೇ ಗುಳಿಗೆ ನುಂಗುತ್ತಿರುವವರು ಸಮಾಲೋಚನೆ ಶುರುವಾಯಿತು ಅಂತ ತಾವೇ ನಿಲ್ಲಿಸಬಾರದು.

ಮತ್ತೆ ಸಾಲ? ‘ಸಾಲ ಹರೀತದೇನು’ ಅಂತ ಕೇಳಿದ್ದೀರಿ. ಹರಿಯುವುದಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ಬೆಳಗಿನ ಜಾವ ಮೂರಕ್ಕೆ ಸಾಲ ಅನ್ನುವುದು ಒಂದೇ ಕರೀ ಗುಡ್ಡವಾಗಿ ಕಾಣುತ್ತದೆ. ಸಮಾಲೋಚಕಿ ಅದನ್ನು ಕಾಗದದ ಮೇಲೆ ಇಳಿಸುತ್ತಾರೆ. ಯಾರಿಗೆ, ಎಷ್ಟು, ಯಾವ ವಾರ, ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ. ನಾಲ್ಕು ಸಾಲು ಆಗುತ್ತದೆ. ನಾಲ್ಕರಲ್ಲಿ ಒಂದಕ್ಕೆ ಏನಾದರೂ ಮಾಡಬಹುದು. ಕಂತಿನವರು ಮನೆ ಮುಂದೆ ಕೂತು ಮರ್ಯಾದೆ ತೆಗೆಯುತ್ತಿದ್ದರೆ ಅದನ್ನು ಸುಮ್ಮನೆ ಸಹಿಸಬೇಕಾಗಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಕಾನೂನು ಮಾಡಿದೆ, ಠಾಣೆಯಲ್ಲಿ ದೂರು ಕೊಡಬಹುದು. ಇದನ್ನೆಲ್ಲ ಮಾಡಲಿಕ್ಕೆ ಬೆಳಿಗ್ಗೆ ಎದ್ದು ನಿಲ್ಲುವ ತ್ರಾಣ ಬೇಕಲ್ಲ? ಮಾತಿನಿಂದ ಬರುವುದು ಆ ತ್ರಾಣ.

ಅಂದೋಲಾದಿಂದ ಎಲ್ಲಿಗೆ

ಐನೂರು ರೂಪಾಯಿ ಕೊಡಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮದೇ ಕಡೆಯ ಬಳ್ಳಾರಿ ಜಿಲ್ಲೆಯಲ್ಲಿ, ಮನಸ್ಸಿನ ಕಾಯಿಲೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದರ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇರಬೇಕು ಅಂತ ನಿಯಮ ಇದೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಪದ್ಧತಿಯೂ ಇದೆ. ಪದ್ಧತಿ ಇದ್ದಲ್ಲೆಲ್ಲ ಡಾಕ್ಟರು ಇರುತ್ತಾರೆ ಅಂತ ನಂಬಿ ಹೊರಡುವಷ್ಟು ನಾವು ಹೊಸಬರಲ್ಲ. ಆಶಾ ಕಾರ್ಯಕರ್ತೆಯಿಂದ ಇಲ್ಲವೇ ಆರೋಗ್ಯ ಕೇಂದ್ರದಿಂದ ಒಂದು ಫೋನ್ ಮಾಡಿಸಿ, ಜೇವರ್ಗಿಯಲ್ಲಿ ಯಾವ ದಿನ ಅಂತ ಕೇಳಿಕೊಂಡು ಹೊರಡಿ. ಅಲ್ಲಿ ಆಗದಿದ್ದರೆ ಕಟ್ಟಿಸಂಗಾವಿ ಸೇತುವೆ ದಾಟಿ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲವಲ್ಲ, ಆಧಾರ್ ಕಾರ್ಡು ಇಟ್ಟುಕೊಂಡರೆ ಆಯಿತು. ಕೂಲಿಯ ಒಂದು ದಿನ ಹೋಗುತ್ತದೆ, ಅದು ಖರ್ಚೇ. ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಆರು ಭೇಟಿ ಅಂದದ್ದು.

ಆಶಾ ಕಾರ್ಯಕರ್ತೆ ಊರವಳೇ, ಅವಳಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ ಅನ್ನುವ ಅಂಜಿಕೆ ಇದ್ದರೆ ಅದು ಸುಳ್ಳು ಅಂಜಿಕೆ ಅಲ್ಲ. ಅವಳಿಗೆ ಕಥೆ ಹೇಳಬೇಡಿ. ‘ನಿದ್ದಿ ಡಾಕ್ಟರ ಯಾವಾಗ ಬರ್ತಾರ’ ಅಂತ ಕೇಳಿ, ಸಾಕು. ಅತ್ತೆಗೂ ಅಷ್ಟೇ. ‘ನಿದ್ದಿ ಇಲ್ಲದ ತಲಿ ತಿರಗ್ತದ, ತೋರಿಸ್ಕೊಂಡು ಬರ್ತೀನಿ’ ಅಂದರೆ ಅದು ಸುಳ್ಳೂ ಅಲ್ಲ. ಇಷ್ಟಕ್ಕೂ ಗಾಣಗಾಪುರದ ತನಕ ಜೊತೆಗೆ ಬಂದ ಅತ್ತೆ ಅವರು, ಜೇವರ್ಗಿಗೂ ಬಂದಾರು. ಕೇಳಿ ನೋಡಿ.

14416ಕ್ಕೆ ಮಾತಾಡಲಿಕ್ಕೆ ಮನೆಯಲ್ಲಿ ಏಕಾಂತ ಇಲ್ಲದಿದ್ದರೆ ಹೊಲಕ್ಕೆ ಹೋದಾಗ ಮಾತಾಡಿ. ಫೋನು ಮಗನ ಕೈಯಲ್ಲೇ ಇರುತ್ತದೆ ಅಂತ ಬರೆದಿದ್ದೀರಿ. ಬುತ್ತಿ ಗಂಟಿನ ಜೊತೆ ಫೋನೂ ಒಯ್ಯಿರಿ, ಹಾವು ಚೇಳಿನ ಕಾಲ ಅಂತ ಹೇಳಿ.

ಒಳಗೆ ಹೋದ ಮೇಲೆ ಏನಂತ ಶುರು ಮಾಡಲಿ, ಬಾಯೇ ಬರುವುದಿಲ್ಲ ಅಂತಲೂ ಕೇಳಿದ್ದೀರಿ. ಬಾಯಿ ಬರದಿದ್ದರೆ ಬೇಡ. ನನಗೆ ಬರೆದ ಈ ಎರಡು ಹಾಳೆಯಲ್ಲಿ ಡಾಕ್ಟರು ಕೇಳುವುದೆಲ್ಲ ಇದೆ. ಯಾವಾಗಿನಿಂದ, ನಿದ್ದೆ ಹೇಗೆ, ಊಟ ಹೇಗೆ, ಏನಾದಾಗ ಹೆಚ್ಚಾಗುತ್ತದೆ, ಎಲ್ಲ. ಇದನ್ನೇ ಇನ್ನೊಮ್ಮೆ ಬರೆದು ಒಯ್ದು ಅವರ ಕೈಗೆ ಕೊಡಿ. ಕಡೆಯ ಸಾಲನ್ನೂ ಬರೆಯಿರಿ. ಅದನ್ನು ಈ ಸಲ ಹೊಡೆದು ಹಾಕಬೇಡಿ.